ಕ್ಯಾಮೆರಾಕ್ಕೂ ಕಿವಿ ಬೇಕು

ಬಳ್ಳಾರಿ ಸೀಮೆಯ ಜನಪದ ಕಲಾವಿದರ ಮೇಲೆ ಬರುತ್ತಿರುವ ಪುಟ್ಟ ಸಾಕ್ಷ್ಯಚಿತ್ರಗಳ ಬಗ್ಗೆ ನನ್ನದು ಒಂದೇ ತಕರಾರು. ಮೊದಲು ಡ್ರೋನ್ ಏರುತ್ತದೆ: ಬಳ್ಳಾರಿಯ ಕೋಟೆ, ಕುರುಗೋಡಿನ ಗುಡ್ಡ, ಸಿರುಗುಪ್ಪದ ಭತ್ತದ ಗದ್ದೆ. ಆಮೇಲೆ ಹಾಡು. ಎರಡನೇ ಸಾಲಿಗೇ ಅದರ ದನಿ ತಗ್ಗಿಸಿ ಮೇಲೆ ನಿರೂಪಕರ ಮಾತು ಹೇರುತ್ತಾರೆ. ಕಲಾವಿದರಿಗೆ ಬಂದ ಪ್ರಶಸ್ತಿಗಳೆಲ್ಲ ಕೇಳಿಸುತ್ತವೆ, ಹಾಡೇ ಕೇಳಿಸುವುದಿಲ್ಲ.

ಬುರ್ರಕಥೆಗಂತೂ ಇದು ದೊಡ್ಡ ಅನ್ಯಾಯ. ಬುರ್ರಕಥೆಯ ಹೆಸರಾಂತ ಹಾಡುಗಾರ್ತಿ ದರೋಜಿ ಈರಮ್ಮ ಓದು ಬರಹ ಬಲ್ಲವರಾಗಿರಲಿಲ್ಲ. ಕುಮಾರರಾಮನ ಕಥೆಯಂಥ ದೊಡ್ಡ ದೊಡ್ಡ ಕಾವ್ಯಗಳು ಅವರ ನಾಲಿಗೆಯ ಮೇಲಿದ್ದವು. ಹೆಗಲ ಮೇಲೆ ತಂಬೂರಿ. ಮುಂದೆ ನಿಂತ ಕಥೆಗಾರ್ತಿ ಒಂದು ಸೊಲ್ಲು ಎತ್ತುತ್ತಾರೆ, ಪಕ್ಕದವರು ಚರ್ಮವಾದ್ಯ ಬಡಿಯುತ್ತ ಅದನ್ನೇ ಹಿಡಿದು ಹಾಡುತ್ತಾರೆ. ಅಷ್ಟರಲ್ಲಿ ಕಥೆಗಾರ್ತಿಗೆ ಮುಂದಿನ ಸಾಲು ಒದಗಿ ಬರುತ್ತದೆ. ಕಾವ್ಯ ಹುಟ್ಟುವುದೇ ಆ ಮರುಸೊಲ್ಲಿನ ಆಸರೆಯಲ್ಲಿ. ಎಡಿಟಿಂಗ್ ಟೇಬಲ್ಲಿನ ಮೇಲೆ ಮೊದಲು ಕತ್ತರಿ ಬೀಳುವುದೂ ಅದಕ್ಕೇ, ಬೇಸರ ತರಿಸುತ್ತದೆಂದು!

ಹಾಡಿಗೆ ಕಿವಿಗೊಡುವ ಚಿತ್ರ ಹೇಗಿರುತ್ತದೆ ಎಂದು ತಿಳಿಯಲು ಬೆಂಗಳೂರಿನ ಕಬೀರ್ ಪ್ರಾಜೆಕ್ಟ್‌ನ ಶಬ್ನಮ್ ವಿರ್ಮಾನಿ ಅವರ ಸಾಕ್ಷ್ಯಚಿತ್ರ ‘ಹದ್ ಅನ್‌ಹದ್’ (2008) ನೋಡಿ. ಕರಾಚಿಯ ಕವ್ವಾಲ್ ಫರೀದ್ ಅಯಾಜ್ ಹಾಡುತ್ತ ಹಾಡುತ್ತ ಮಾತಿಗಿಳಿಯುತ್ತಾರೆ, ಮತ್ತೆ ಹಾಡಿಗೆ ಮರಳುತ್ತಾರೆ. ಕ್ಯಾಮೆರಾ ಕಾಯುತ್ತದೆ. ಅಲ್ಲಲ್ಲಿ ನಿರ್ದೇಶಕಿಯ ಮಾತು ಹೆಚ್ಚಾಯಿತು ಅನಿಸಿದರೂ ಹಾಡಿನ ಅರ್ಥವನ್ನು ಹಾಡುವವರೇ ಹೇಳುವ ಚಿತ್ರ ಅದು. 2024ರಲ್ಲಿ ಕಾನ್ ಚಿತ್ರೋತ್ಸವದ ‘ಲಾ ಸಿನೆಫ್’ ವಿಭಾಗದಲ್ಲಿ ಮೊದಲ ಬಹುಮಾನ ಪಡೆದ ಚಿದಾನಂದ ನಾಯ್ಕ ಅವರ ಕನ್ನಡ ಕಿರುಚಿತ್ರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಬೇರೆ ಜಾತಿಯದು, ಸಾಕ್ಷ್ಯಚಿತ್ರವಲ್ಲ. ಮುದುಕಿ ಊರಿನ ಹುಂಜ ಕದ್ದಳು, ಊರಿಗೆ ಬೆಳಗೇ ಆಗಲಿಲ್ಲ: ಇಷ್ಟೇ ಕಥೆ, ಹದಿನಾರು ನಿಮಿಷ. ಅಲ್ಲೂ ಗೆದ್ದದ್ದು ಕತ್ತಲೆಯನ್ನು ನಂಬಿ ಕಾದು ನಿಂತ ತಾಳ್ಮೆ.

ಈ ತಾಳ್ಮೆ ಸಾಕ್ಷ್ಯಚಿತ್ರ ಮಾಡುವ ನಮ್ಮ ಹುಡುಗರಿಗೆ ಬರಬೇಕು. ಡ್ರೋನ್ ಬಾಡಿಗೆಯ ದುಡ್ಡಲ್ಲಿ ಒಳ್ಳೆಯ ಮೈಕ್ ತನ್ನಿ. ದೊಡ್ಡಾಟದ ತಾಲೀಮಿಗೆ ಹೋಗಿ ರಾತ್ರಿಯಿಡೀ ಕೂತು, ಒಂದು ಪ್ರಸಂಗವನ್ನಾದರೂ ಕತ್ತರಿಸದೆ ಚಿತ್ರೀಕರಿಸಿ, ಒಂದು ಪ್ರತಿ ಆ ಮೇಳದವರ ಕೈಗೆ ಕೊಡಿ. ತಡ ಮಾಡಬೇಡಿ: ಈರಮ್ಮ 2014ರಲ್ಲಿ ತೀರಿಹೋದರು, ರಂಗಗೀತೆಯ ಸುಭದ್ರಮ್ಮ ಮನ್ಸೂರು 2020ರಲ್ಲಿ, ತೊಗಲು ಗೊಂಬೆಯಾಟದ ಬೆಳಗಲ್ಲು ವೀರಣ್ಣ 2023ರಲ್ಲಿ.