ರೇಡಿಯೋ ತರಂಗಗಳೂ ಮಿದುಳಿನ ಶಕ್ತಿವ್ಯಯವೂ: ಪ್ರಯೋಗಗಳ ವಿಮರ್ಶೆ

ಮೊಬೈಲ್ ಫೋನಿನ ರೇಡಿಯೋ ತರಂಗಗಳು ಮಿದುಳನ್ನು ಕೆಡಿಸುವುವೆಂದು ಒಂದು ಪಕ್ಷ. ಏನನ್ನೂ ಮಾಡವೆಂದು ಇನ್ನೊಂದು ಪಕ್ಷ. ಉಭಯ ಪಕ್ಷದವರೂ ಪ್ರಯೋಗಗಳನ್ನೇ ಸಾಕ್ಷಿಗೆ ಕರೆಯುತ್ತಾರೆ. ಆ ಸಾಕ್ಷ್ಯವು ಎಲ್ಲಿಯವರೆಗೆ ಸಲ್ಲುತ್ತದೆಂಬುದನ್ನು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

ದೇಹದ ತೂಕದಲ್ಲಿ ಮಿದುಳಿನ ಪಾಲು ಶೇಕಡಾ ೨ರಷ್ಟು. ಶಕ್ತಿಯ ವೆಚ್ಚದಲ್ಲಿಯಾದರೋ ಶೇಕಡಾ ೨೦ರಷ್ಟು. ಆದುದರಿಂದ ಅದು ಬಳಸುವ ಗ್ಲೂಕೋಸನ್ನು ಅಳೆದರೆ ಅದರ ಕಾರ್ಯದ ಏರಿಳಿತ ತಿಳಿದುಬರುತ್ತದೆ. ೨೦೧೧ರಲ್ಲಿ ಅಮೆರಿಕದ ನೋರಾ ವೋಲ್ಕೋವ್ ಮತ್ತು ಸಹೋದ್ಯೋಗಿಗಳು ೪೭ ಮಂದಿ ಆರೋಗ್ಯವಂತರ ಕಿವಿಯ ಬಳಿ, ಧ್ವನಿಯನ್ನಡಗಿಸಿದ ಫೋನನ್ನು ೫೦ ನಿಮಿಷ ಚಾಲೂ ಇಟ್ಟು ಈ ಅಳತೆಯನ್ನು ಮಾಡಿದರು. ಇಡೀ ಮಿದುಳಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆಂಟೆನಾಕ್ಕೆ ಸಮೀಪದ ಭಾಗದಲ್ಲಿ ಮಾತ್ರ ಬಳಕೆ ಶೇಕಡಾ ೭ರಷ್ಟು ಏರಿತು. ಅದೇ ವರ್ಷ ಫಿನ್ಲೆಂಡಿನಲ್ಲಿ ೧೩ ಮಂದಿ ತರುಣರನ್ನು ೩೩ ನಿಮಿಷ ಪರೀಕ್ಷಿಸಿದಾಗ, ಫೋನಿದ್ದ ಕಡೆಯ ಕೆಲವು ಭಾಗಗಳಲ್ಲಿ ಬಳಕೆ ಇಳಿದುದು ಕಂಡಿತು. ಒಂದೆಡೆ ಏರಿಕೆ, ಇನ್ನೊಂದೆಡೆ ಇಳಿಕೆ! ತರಂಗಗಳ ಪರಿಣಾಮವೇನೂ ಇಲ್ಲವೆನ್ನುವುದಕ್ಕೆ ಇವು ಅಡ್ಡಬರುತ್ತವೆ. ಆದರೆ ಹಾನಿಯುಂಟೆನ್ನುವುದಕ್ಕೆ ಎರಡೂ ಸಾಲವು. ಓದುವಾಗ, ಲೆಕ್ಕ ಮಾಡುವಾಗಲೂ ಮಿದುಳಿನ ಗ್ಲೂಕೋಸ್ ಬಳಕೆ ಅಲ್ಲಲ್ಲಿ ಏರುತ್ತದೆಯಷ್ಟೆ.

ಇನ್ನು ನಮ್ಮ ಕರಾವಳಿಯ ಪ್ರಯೋಗವೊಂದನ್ನು ನೋಡೋಣ. ೨೦೦೯ರಲ್ಲಿ ಮಣಿಪಾಲದ ಸಂಶೋಧಕರು ಇಲಿಗಳ ಬಳಿ ಫೋನನ್ನಿಟ್ಟು, ದಿನಕ್ಕೆ ೫೦ ಮಿಸ್ಡ್ ಕಾಲ್‌ಗಳಂತೆ ನಾಲ್ಕು ವಾರ ಕೊಟ್ಟರು. ಬಳಿಕ ನೀರಿನ ಕೊಳದಲ್ಲಿ ದಾರಿಯ ನೆನಪನ್ನು ಪರೀಕ್ಷಿಸಿದಾಗ, ಗುರಿಯ ಭಾಗವನ್ನು ಸೇರಲು ಅವುಗಳಿಗೆ ಇತರ ಇಲಿಗಳಿಗಿಂತ ಸುಮಾರು ಮೂರು ಪಟ್ಟು ಹೊತ್ತು ಹಿಡಿಯಿತು. ಫಲಿತಾಂಶವು ಗಮನಾರ್ಹವಾದುದು. ಆದರೆ ಫೋನನ್ನು ಗಂಟೆಯಿಲ್ಲದೆ ಕಂಪನದಲ್ಲಿ ಇರಿಸಲಾಗಿತ್ತು. ದಿನವೂ ಐವತ್ತು ಬಾರಿ ನಡುಗುವ ವಸ್ತುವಿನ ಬಳಿ ಬಾಳುವುದೇ ಇಲಿಗೆ ಕಳವಳವನ್ನುಂಟುಮಾಡಬಹುದು. ಮರೆವಿಗೆ ತರಂಗ ಕಾರಣವೋ, ಕಂಪನ ಕಾರಣವೋ? ಇವೆರಡನ್ನು ಬೇರ್ಪಡಿಸದೆ ನಿರ್ಣಯ ಸಾಧ್ಯವಿಲ್ಲ. ಅಲ್ಲದೆ ಪುಟ್ಟ ಇಲಿಯ ದೇಹವು ಹೀರುವ ಶಕ್ತಿಯನ್ನು ಮನುಷ್ಯನ ತಲೆಯ ಲೆಕ್ಕದಿಂದ ಊಹಿಸಲಾಗದು.

ಮನುಷ್ಯರಲ್ಲಿ ಗ್ಲೂಕೋಸ್ ಬಳಕೆ ಬದಲಾಯಿತು, ಇಲಿಗಳಲ್ಲಿ ನೆನಪು ಕುಂದಿತು. ಆದುದರಿಂದ ಶಕ್ತಿವ್ಯಯದ ಬದಲಾವಣೆಯಿಂದಲೇ ನೆನಪು ಕುಂದುತ್ತದೆ—ಈ ಬಗೆಯ ತರ್ಕವನ್ನು ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಕಾಣುವುದುಂಟು. ಇದು ಎರಡು ಬೇರೆ ಹಗ್ಗಗಳನ್ನು ಗಾಳಿಯಲ್ಲಿ ಗಂಟು ಹಾಕಿದಂತೆ. ಒಂದೇ ಪ್ರಾಣಿಯಲ್ಲಿ ಎರಡನ್ನೂ ಅಳೆದು, ತರಂಗವಿಲ್ಲದೆ ಬರಿಯ ಕಂಪನಕ್ಕೊಳಗಾದ ಗುಂಪನ್ನು ಜೊತೆಗಿರಿಸಿ, ಯಾವುದು ಯಾವ ಗುಂಪೆಂದು ಅಳೆಯುವವನಿಗೆ ತಿಳಿಯದಂತೆ ನಡೆಸಿದ ಪ್ರಯೋಗವೇ ಆ ಗಂಟಿಗೆ ಆಧಾರವಾದೀತು.

ಇದು ಪ್ರಯೋಗಾಲಯಕ್ಕೆ ಮಾತ್ರ ಸಂಬಂಧಿಸಿದ ಚರ್ಚೆಯಲ್ಲ. ನೇತ್ರಾವತಿಯ ದಡದ ನರಿಕೊಂಬಿನಂತಹ ಊರಿನಲ್ಲಿ ಜನರು ಟವರನ್ನು ಕಂಡು ಅಂಜಬಹುದು. ಆದರೆ ಸಂಕೇತ ಕ್ಷೀಣವಾದಷ್ಟೂ ಕೈಯ ಫೋನು ತನ್ನ ಪ್ರಸಾರಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಮಾತನಾಡುವವನ ತಲೆಗೆ ಸಮೀಪವಾದುದು ಅದೇ. ಟವರನ್ನು ದೂರ ಸರಿಸಿದ ಮಾತ್ರಕ್ಕೆ ಮಿದುಳಿಗೆ ತಗಲುವ ಶಕ್ತಿ ತಗ್ಗಿತೆನ್ನಲಾಗದು. ಭಾರತದಲ್ಲಿ ೨೦೧೨ರಿಂದ ಫೋನಿನ ಮಿತಿಯು ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ, ಕಿಲೋಗ್ರಾಮಿಗೆ ೧.೬ ವ್ಯಾಟ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೧೧ರಲ್ಲಿ ಈ ತರಂಗಗಳನ್ನು ‘ಕ್ಯಾನ್ಸರಿಗೆ ಕಾರಣವಾಗಬಹುದಾದವು’ ಎಂಬ ವರ್ಗಕ್ಕೆ ಸೇರಿಸಿತು. ಅದು ಸಂಶಯದ ವರ್ಗ, ತೀರ್ಪಲ್ಲ.

ಫೋನನ್ನು ಕಿವಿಯಿಂದ ದೂರವಿಟ್ಟು ಮಾತನಾಡಿರೆಂಬ ಸಲಹೆಗೆ ಸಂಶಯವೇ ಸಾಕು. ಹಾನಿ ಸಿದ್ಧವಾಯಿತೆಂದು ತರಗತಿಯಲ್ಲಿ ಸಾರುವುದಕ್ಕೆ ಅದು ಸಾಲದು. ಈ ಎರಡರ ಅಂತರವನ್ನು ವಿದ್ಯಾರ್ಥಿಗೆ ತೋರಿಸಿಕೊಡುವುದು ಅಧ್ಯಾಪಕರ ಹೊಣೆಯೆಂದು ನಾವು ಭಾವಿಸುತ್ತೇವೆ.