ಗಾಡಿ ಬಾಗಲಕ್ಕ ಬಂದೈತ್ರಿ

ಪುಣೇರಿ ಪಾಟಿಗಳ ಹೊಗಳಿಕೆ ಕೇಳಿ ಕೇಳಿ ಸಾಕಾಗಿದೆ. ಆ ಫಲಕಗಳೇನು ಎಂದು ಗಡಿಭಾಗದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಎಲ್ಲರ ಮೊಬೈಲಿನಲ್ಲೂ ನಾಲ್ಕಾರು ಇದ್ದೇ ಇರುತ್ತವೆ. 'ಗೇಟಿನ ಮುಂದೆ ಗಾಡಿ ಹಚ್ಚಬಾರದು, ಹಚ್ಚಿದರೆ ಗಾಳಿ ಬಿಡಲಾಗುವುದು' ಎಂಬ ಧಾಟಿಯ ಸಾಲನ್ನು ಚುರುಕು ವಿನೋದ ಎನ್ನುತ್ತಾರೆ. ನನಗೆ ಅದು ನೆರೆಯವನ ಬಾಗಿಲು ಬಡಿಯಲು ಬೇಸರಪಟ್ಟವನ ಗದ್ಯ.

ಇದಕ್ಕಿಂತ ಎಷ್ಟೋ ಪಾಲು ಮೇಲಾದ ಕಲೆಯೊಂದು ಇತ್ತ ಕೋವಾಡ, ಗಡಹಿಂಗ್ಲಜ ಕಡೆಯ ಓಣಿಗಳಲ್ಲಿ ದಿನಾ ಬೆಳಿಗ್ಗೆ ನಡೆಯುತ್ತದೆ. ಅದನ್ನು ಯಾರೂ ಸಂಗ್ರಹಿಸಿಲ್ಲ. ಕೋವಾಡವೆಂದರೆ ರಣಜಿತ ದೇಸಾಯಿಯವರ ಊರು, 'ಸ್ವಾಮಿ' ಬರೆದವರ ಊರು. ಊರಿನ ಗದ್ಯದ ಲೆಕ್ಕ ಅಲ್ಲಿಗೇ ಮುಗಿಯಿತೆಂದು ವಿಮರ್ಶಕರು ತಿಳಿದಂತಿದೆ. ನಾನು ಕಿವಿಯಾರೆ ಕೇಳಿದ ನಾಲ್ಕು ಸಾಲು ಇಲ್ಲಿವೆ. ಹಾಲಿನ ಕ್ಯಾನು ಕಟ್ಟಿದ ಬೈಕು ಹೊರಗೆ ಬರಬೇಕು, ಬಾಗಿಲಿಗೆ ಅಡ್ಡ ಪಕ್ಕದ ಮನೆಯ ಬಿಳಿ ಕಾರು.

'ಕಾಕಾ, ಗಾಡಿ ಬಾಗಲಕ್ಕ ಬಂದೈತ್ರಿ.'

'ಯಾವಾಗ ಬಂತಪಾ?'

'ರಾತ್ರಿ ಬಂದಿರಬೇಕ್ರಿ.'

'ಕೀಲಿ ಹುಡಕತೇನಿ. ಅಲ್ಲೀಮಟ ಚಾ ಕುಡಿ ಬಾ.'

ಮೊದಲ ಸಾಲಿನ ಕ್ರಿಯಾಪದ ನೋಡಿ. ಗಾಡಿ ಬಂದಿದೆ, ಯಾರೂ ತಂದಿಲ್ಲ. ಮೇಯಲು ಹೋದ ಎಮ್ಮೆ ತಾನಾಗಿ ಮನೆ ತಪ್ಪಿ ಬಂದ ಹಾಗೆ ಕಾರು ಬಂದು ನಿಂತಿದೆ. 'ಹಚ್ಚೀರಿ' ಎಂದಿದ್ದರೆ ಕಾಕಾನ ಮೇಲೆ ಆರೋಪ. 'ಬಂದೈತಿ' ಎಂದರೆ ಬರೀ ಸುದ್ದಿ. ಆದರೂ ಸಾಲಿನ ನಿಜವಾದ ಬೆಲೆ ತಿಳಿಯುವುದು ಎರಡನೆಯ ಮಾತಿನಲ್ಲಿ. ರಾತ್ರಿ ಹತ್ತಕ್ಕೆ ತಾನೇ ಸ್ಟೇರಿಂಗು ಹಿಡಿದಿದ್ದ ಮನುಷ್ಯ 'ಯಾವಾಗ ಬಂತು' ಎಂದು ಕೇಳುತ್ತಾನೆ! ಹುಡುಗ ನಗುವುದಿಲ್ಲ. 'ಬಂದಿರಬೇಕು' ಎಂದು ಊಹೆಯ ರೂಪ ಹಚ್ಚಿ ಆ ಕತೆಗೆ ಸಾಕ್ಷಿ ನಿಲ್ಲುತ್ತಾನೆ. ರಾತ್ರಿ ಹಾರ್ನು ಕೇಳಿ ಅವನೇ ಎದ್ದು ಕುಳಿತಿದ್ದನೆಂದು ನನಗೆ ಗೊತ್ತು. ಕೀಲಿ ಎಲ್ಲಿದೆ ಎಂದೂ ಕಾಕಾನಿಗೆ ಗೊತ್ತು, ಮೊಳೆಗೇ ತೂಗುಬಿಟ್ಟಿರುತ್ತದೆ. ಹುಡುಕುವ ಹೊತ್ತು ಚಹಾಕ್ಕಾಗಿ, ಚಹಾ ದಂಡ. ತಪ್ಪು ಎಂಬ ಶಬ್ದ ಬಾರದೆಯೇ ದಂಡ ಸಂದಾಯವಾಯಿತು. 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಮು ಅಡ್ಡ ನಿಂತ ಗಾಡಿಗೆ ಒಬ್ಬ ಹೊಣೆಗಾರನನ್ನು ಹುಡುಕುತ್ತದೆ. ಈ ವಾಕ್ಯ ಹುಡುಕುವುದಿಲ್ಲ, ಆದರೂ ಗಾಡಿ ಸರಿಯುತ್ತದೆ.

ಪುಣೆಯ ಫಲಕದಲ್ಲೂ ಕರ್ತೃ ಮರೆಯಾಗಿದ್ದಾನಲ್ಲ ಎನ್ನಬಹುದು. ಹೌದು, 'ಬಿಡಲಾಗುವುದು': ಗಾಳಿ ಬಿಡುವವರು ಯಾರು? ಬರೆದವನೇ. ಅವನು ತಾನು ಮಾಡಲಿರುವ ಕಿತಾಪತಿಗೆ ಮುಸುಕು ಹಾಕಿಕೊಂಡಿದ್ದಾನೆ. ಕೋವಾಡದ ಹುಡುಗ ಮುಸುಕು ಹಾಕಿದ್ದು ಎದುರಿನವನ ತಪ್ಪಿಗೆ. ವ್ಯಾಕರಣದ ಯುಕ್ತಿ ಒಂದೇ, ಮನಸ್ಸು ಬೇರೆ.

ಇಲ್ಲಿ ಭಾಷಾಶಾಸ್ತ್ರದವರ ಜೊತೆಗೂ ನನ್ನದೊಂದು ತಕರಾರಿದೆ. ಜಾನ್ ಗಂಪರ್ಜ್, ರಾಬರ್ಟ್ ವಿಲ್ಸನ್ ಇಬ್ಬರೂ ಸಾಂಗಲಿ ಜಿಲ್ಲೆಯ ಕುಪವಾಡದ ಮಾತಿನ ಬಗ್ಗೆ 1971ರಲ್ಲಿ ಪ್ರಕಟಿಸಿದ ಲೇಖನವನ್ನು ಗಡಿಯ ಕನ್ನಡದ ಮಾತು ಬಂದಾಗಲೆಲ್ಲ ಮಂತ್ರದಂತೆ ಹೇಳುತ್ತಾರೆ. ಅಲ್ಲಿ ಕನ್ನಡ, ಮರಾಠಿ, ಉರ್ದು ಎಷ್ಟು ಹತ್ತಿರ ಬಂದಿವೆಯೆಂದರೆ ಒಂದರ ಜಾಗದಲ್ಲಿ ಇನ್ನೊಂದರ ಪದ ಇಟ್ಟರೆ ವಾಕ್ಯ ಸಿದ್ಧ, ಎಂದು ವಾದ. ಅರ್ಧ ಒಪ್ಪುತ್ತೇನೆ. ನಮ್ಮ ಸಾಲನ್ನು ಮರಾಠಿ ನೆರೆಯವ 'ಗಾಡಿ ದಾರಾತ ಆಲೀಯಾ' ಎಂದು ಹಾಗೆಹಾಗೇ ಎತ್ತಿಕೊಳ್ಳುತ್ತಾನೆ. ಬಾಲದಲ್ಲಿ ಮಾತ್ರ ಸಿಕ್ಕು. ಕೊಲ್ಲಾಪುರದವ 'ಭಾವಾ, ಗಾಡಿ ಘೇ ಕೀ' ಎನ್ನುವಾಗ ಆ 'ಕೀ' ಹೆಗಲ ಮೇಲೆ ಕೈ ಹಾಕುತ್ತದೆ; ನಮ್ಮ 'ರಿ' ಎರಡು ಹೆಜ್ಜೆ ಹಿಂದೆ ನಿಂತು ಮಾತಾಡುತ್ತದೆ. ಅವರ 'ಭಾವಾ' ಅಣ್ಣತಮ್ಮ, ಕನ್ನಡದ ಕಿವಿಗೆ ಅಕ್ಕನ ಗಂಡ! ಪದಕ್ಕೆ ಪದ ಇಡುವವರು ಈ ಸಂಬಂಧವನ್ನು ಎಲ್ಲಿ ಇಡುತ್ತಾರೆ? ಇನ್ನು ಉತ್ತರದ ಕನ್ನಡವೆಂದರೆ ಒರಟು ಎಂದು ಹೇಳಿ ಕೈತೊಳೆದುಕೊಳ್ಳುವ ದಕ್ಷಿಣದ ವಿಮರ್ಶಕರ ಬಗ್ಗೆ ಏನು ಹೇಳುವುದು. 'ಬಂದಿರಬೇಕ್ರಿ'ಯನ್ನು ಅವರು ಒಮ್ಮೆ ನಿಧಾನವಾಗಿ ಉಚ್ಚರಿಸಿ ನೋಡಲಿ.

ಈ ಕಲೆಗೆ ಕೊರತೆಯೇ ಇಲ್ಲವೆಂದಲ್ಲ. ಇಚಲಕರಂಜಿಯ ಮಗ್ಗದ ಓಣಿಗಳಲ್ಲಿ ಇದು ನಡೆಯದು. ಪವರ್‌ಲೂಮಿನ ಸಪ್ಪಳದಲ್ಲಿ ನೂಲಿನ ಟೆಂಪೋದವನಿಗೆ ಕೈಸನ್ನೆಯೇ ವ್ಯಾಕರಣ. ಮದುವೆಗೆ ಬಂದ ಬೆಳಗಾವಿಯ ಕೆಎ 22 ಗಾಡಿ ಅಡ್ಡ ನಿಂತರೆ ಕಾಕಾ ಎನ್ನಲು ಯಾರೂ ಸಿಗುವುದಿಲ್ಲ. 'ಯಾರ್ದ್ರೀ ಗಾಡಿ' ಎಂದು ಗಾಳಿಗೆ ಕೂಗಬೇಕು. ಈ 'ರಿ' ಎಲ್ಲರಿಗೂ ಸಿಗುವುದಿಲ್ಲ ಎನ್ನುವುದೂ ನಿಜ. ಕಾರಿನವನಿಗೆ 'ರಿ', ಅದೇ ಜಾಗದಲ್ಲಿ ನಿಂತ ಆಟೋದವನಿಗೆ 'ಏ, ತಗೀ ಅತ್ಲಾಗ'.

ಈಚೆಗೆ ಆ ಹಾಲಿನ ಮನೆಯವರೂ ಗಡಹಿಂಗ್ಲಜದ ಅಂಗಡಿಯಲ್ಲಿ ಮರಾಠಿಯ ಫಲಕ ಬರೆಸಿ ತಂದು ಗೋಡೆಗೆ ಹೊಡೆದರು. ಎಂಟು ದಿನ ಬಾಗಿಲು ಖಾಲಿ ಇತ್ತು. ಒಂಬತ್ತನೆಯ ಬೆಳಿಗ್ಗೆ ಕಾರು ಗೋಡೆಗೆ ಒತ್ತಿ ನಿಂತಿತ್ತು, ಫಲಕದ ಮೇಲಿನ ಅರ್ಧ ಸಾಲು ಮಾತ್ರ ಕಾಣುತ್ತಿತ್ತು. ಹುಡುಗ ಪಕ್ಕದ ಮನೆಯ ಕಟ್ಟೆ ಹತ್ತಿದ.

'ಕಾಕಾ, ಗಾಡಿ ಬೋರ್ಡಿಗೆ ಅಡ್ಡ ಬಂದೈತ್ರಿ.'