ಕಂಚಿನ ಬಿಲ್ಲೆಯೂ ವೀರಗಲ್ಲೂ

ಯುದ್ಧದಲ್ಲಿ ಮಡಿದವರ ಸ್ಮಾರಕವನ್ನು ಕೆತ್ತನೆಯ ಕೌಶಲದಿಂದ ಅಳೆಯುವುದು ವಾಡಿಕೆ. ಆದರೆ ಸ್ಮಾರಕವು ಬರವಣಿಗೆಯೂ ಹೌದು. ಆದುದರಿಂದ ಕಾವ್ಯಕ್ಕೆ ಕೇಳುವ ಪ್ರಶ್ನೆಯನ್ನೇ ಅದಕ್ಕೂ ಕೇಳಬಹುದು: ಇಲ್ಲಿಯ ಮಾತು ಸತ್ಯವೇ? ಅದು ಈ ವ್ಯಕ್ತಿಗೇ ಸಲ್ಲುವ ಮಾತೇ?

ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ ಬ್ರಿಟಿಷ್ ಸರ್ಕಾರವು ತನ್ನ ಸಾಮ್ರಾಜ್ಯದ ಪಡೆಗಳಲ್ಲಿ ಮಡಿದವರ ಮನೆಗಳಿಗೆ ಕಂಚಿನ ಬಿಲ್ಲೆಯೊಂದನ್ನು ಕಳುಹಿಸಿತು. 1917ರಲ್ಲಿ ಸಾರಿದ ಸ್ಪರ್ಧೆಯಲ್ಲಿ ಗೆದ್ದ ಎಡ್ವರ್ಡ್ ಕಾರ್ಟರ್ ಪ್ರೆಸ್ಟನ್ ಎಂಬ ಶಿಲ್ಪಿಯ ರಚನೆ ಅದು. ಅದರ ಅಡ್ಡಗಲ ಸುಮಾರು 120 ಮಿಲಿಮೀಟರ್; ತಯಾರಾದ ಬಿಲ್ಲೆಗಳು 13 ಲಕ್ಷಕ್ಕೂ ಮಿಗಿಲು. ನಾಣ್ಯವನ್ನು ಹೋಲುತ್ತಿದ್ದುದರಿಂದ ಜನರು ಅದಕ್ಕೆ ‘ಸತ್ತವನ ಕಾಸು’ ಎಂದು ಹೆಸರಿಟ್ಟರು. ಅದರಲ್ಲಿ ಹುದ್ದೆಯ ಉಲ್ಲೇಖವಿಲ್ಲ. ಸೇನಾಪತಿಗೂ ಸಾಮಾನ್ಯ ಸಿಪಾಯಿಗೂ ಒಂದೇ ಅಳತೆ. ಇದು ಮೆಚ್ಚತಕ್ಕ ಗುಣ. ಆದರೆ ಸ್ವಾತಂತ್ರ್ಯಕ್ಕಾಗಿಯೂ ಮಾನಕ್ಕಾಗಿಯೂ ಮಡಿದನೆಂಬ ಅಂಚಿನ ವಾಕ್ಯವೂ ಎಲ್ಲರಿಗೂ ಒಂದೇ. ಆ ಯುದ್ಧದಲ್ಲಿ ಸುಮಾರು 74,000 ಭಾರತೀಯರು ಮಡಿದರು. ಸ್ವಾತಂತ್ರ್ಯವಿಲ್ಲದ ನಾಡಿನ ತಾಯಿಗೆ ಆ ವಾಕ್ಯವು ಯಾವ ಸಮಾಧಾನವನ್ನು ತಂದೀತು? ಮಗನು ಎಲ್ಲಿ ಬಿದ್ದನು, ಏನು ಮಾಡುತ್ತ ಬಿದ್ದನು ಎಂಬುದನ್ನು ಬಿಲ್ಲೆಯು ಹೇಳುವುದಿಲ್ಲ.

ಲಕ್ಷಾಂತರ ಜನರ ವಿಷಯದಲ್ಲಿ ಅಷ್ಟನ್ನು ಬರೆಯಲು ಸ್ಥಳವೆಲ್ಲಿ ಎಂದು ಕೇಳಬಹುದು. ಅದಕ್ಕೆ ಉತ್ತರವು ನಮ್ಮ ವೇದಸಂದೂರಿನ ನೆರೆಯ ಸೀಮೆಯಲ್ಲಿಯೇ ಇದೆ. ತೇನಿ ಜಿಲ್ಲೆಯ ಪುಲಿಮಾನ್‌ಕೊಂಬೈಯಲ್ಲಿ 2006ರಲ್ಲಿ ದೊರೆತ ಮೂರು ವೀರಗಲ್ಲುಗಳ ಮೇಲೆ ತಮಿಳು ಬ್ರಾಹ್ಮಿಯ ಬರಹವಿದೆ. ಅವು ಕ್ರಿಸ್ತಪೂರ್ವ ಕಾಲದವೆಂದು ವಿದ್ವಾಂಸರ ಮತ. ಅವುಗಳಲ್ಲೊಂದು ಕೆಲವೇ ಪದಗಳಲ್ಲಿ ವೀರನ ಹೆಸರನ್ನೂ ಕೂಡಲೂರನ್ನೂ ದನಗಳಿಗಾಗಿ ನಡೆದ ಕಾಳಗವನ್ನೂ ಹೇಳಿ ಮುಗಿಸುತ್ತದೆ. ಆ ತಮಿಳು ‘ಆಕೋಳ್’ ನಮ್ಮ ಶಾಸನಗಳ ‘ತುರುಗೋಳ್’ ಅಲ್ಲದೆ ಬೇರೆಯಲ್ಲ.

ಕನ್ನಡನಾಡಿನ ಆತಕೂರಿನ ಶಾಸನವನ್ನು ನೋಡಿರಿ. ಕ್ರಿ. ಶ. 949-50ರ ಈ ಕಲ್ಲು ತಕ್ಕೋಲದ ಯುದ್ಧವನ್ನೂ ಅಲ್ಲಿ ಮಣಲೆರನು ಮೆರೆದ ಶೌರ್ಯವನ್ನೂ ಹೇಳುತ್ತದೆ. ಗಂಗರ ಬೂತುಗನಿಂದ ಅವನು ಬಹುಮಾನವಾಗಿ ಬೇಡಿ ಪಡೆದುದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಹಂದಿಯೊಡನೆ ಹೋರಾಡಿ ಸತ್ತ ಆ ನಾಯಿಗೂ ಹೆಸರುಂಟು, ಮಡಿದ ಸ್ಥಳವುಂಟು, ಕಲ್ಲಿನ ಪೂಜೆಗೆ ಭೂಮಿಯುಂಟು; ಪೂಜಿಸದೆ ಉಂಡವನಿಗೆ ಪಾಪದ ಎಚ್ಚರಿಕೆಯೂ ಉಂಟು. ಸತ್ತವರನ್ನು ನೆನೆಯುವ ಹೊಣೆಯನ್ನು ಕಲ್ಲು ಬದುಕಿರುವವರ ಮೇಲೆ ಹೊರಿಸುತ್ತದೆ. ಬಿಲ್ಲೆಯು ಅದನ್ನು ಒಂದು ಮನೆಯ ಪೆಟ್ಟಿಗೆಗೆ ಬಿಟ್ಟುಬಿಡುತ್ತದೆ.

ಕಲ್ಲಿನ ಭಾಗ್ಯವು ಹಿಂದೆ ಎಲ್ಲರಿಗೂ ದೊರೆಯಲಿಲ್ಲವೆಂಬುದನ್ನೂ ಮರೆಯಲಾಗದು. ಬಿಲ್ಲೆಯ ಸಮತೆಯೂ ಕಲ್ಲಿನ ಸತ್ಯವೂ ಒಂದೆಡೆ ಕೂಡಿದರೆ ಮಾತ್ರ ಸ್ಮಾರಕವು ಪೂರ್ಣವಾದೀತು. ಹೊಲದ ಬದುವಿನಲ್ಲಿ ಅಕ್ಷರವುಳ್ಳ ಕಲ್ಲು ಕಂಡಾಗ ಅದಕ್ಕೆ ಸುಣ್ಣ ಬಳಿಯುವ ಮುನ್ನ ಉಪಾಧ್ಯಾಯರು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿ. ಯಾರೋ ಒಬ್ಬನ ಹೆಸರು ಅಲ್ಲಿ ಓದುವವರನ್ನು ಕಾಯುತ್ತಿರಬಹುದು.